ಸೇತುವೆಯ ಏರು

ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುತ್ತೇನೆ ಎಂದು ಹೆಂಡತಿ ಹೇಳಿದಾಗ ಬಸ್ ಚಾಲಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ನಗದೆ ಇನ್ನೇನು ಮಾಡಿಯಾನು? ಎರಡನೇ ಮಹಡಿಯ ಮನೆಗೆ ಹತ್ತುವಾಗ ಮೆಟ್ಟಿಲಿನ ತಿರುವಿನಲ್ಲಿ ಚೀಲ ಇಳಿಸಿ ಕೂತುಬಿಡುವವಳು ಆಕೆ. ಸಕ್ಕರೆ ಕಾಯಿಲೆ ಬೇರೆ ಗಂಟುಬಿದ್ದಿತ್ತು. ಮೈ ದಂಡಿಸದಿದ್ದರೆ ಮಾತ್ರೆ ಹೋಗಿ ಸೂಜಿ ಬರುತ್ತದೆ ಎಂದು ಡಾಕ್ಟರು ಹೇಳಿದ್ದೇ ತಡ, ಮದುವೆಯಾಗಿ ಹೋದ ಮಗಳ ಹಳೇ ಸೈಕಲ್ಲಿಗೆ ಹೊಸ ಟೈರು ಹಾಕಿಸಿಕೊಂಡು ಬಂದಳು.

"ಇಷ್ಟು ದಿನ ಓಡಿಸ್ತಿದ್ದ ಸ್ಕೂಟರ್ ಏನ್ ತಪ್ಪು ಮಾಡ್ತು?" ಎಂದು ಇವನು ಕೇಳಿದ.

"ಹೊಗೆ ಬಿಡುತ್ತಲ್ಲ. ಆಸ್ಪತ್ರೆ ತಾರಸಿ ಮೇಲೆ ಬಿಳೀ ಬೆಡ್‌ಶೀಟ್ ಒಣಹಾಕಿ, ಮಸಿ ಕೂತ್ಕೊಂಡ್ರೆ ಮತ್ತೆ ಒಗೆಯೋಳು ನಾನು. ನನ್ನ ಪಾಲಿನ ಮಸಿನಾದ್ರೂ ಕಮ್ಮಿ ಆಗ್ಲಿ ಬಿಡಿ."

ಆಸ್ಪತ್ರೆಗೆ ಹೋಗುವ ರಸ್ತೆಯೂ ಅವನ ಬಸ್ಸಿನ ರಸ್ತೆಯೂ ಒಂದೇ. ಅಲ್ಲಿಂದ ಶುರುವಾಯಿತು ಅವನ ಪಡಿಪಾಟಲು. ಆಕೆಯ ಬೆನ್ನು ಕಂಡರೆ ಸಾಕು, ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಬೇರೆ ಯಾರೂ ಗುದ್ದದಿರಲಿ ಎಂದು ತುಂಬಿದ ಬಸ್ಸನ್ನು ಮೆರವಣಿಗೆಯ ಹಾಗೆ ಆಕೆಯ ಹಿಂದೆಯೇ ನಡೆಸಿದ. ಒಳಗಿದ್ದವರು ಬೈದರು. "ಅತ್ತಿಗೇನ ಕೆಲಸಕ್ಕೆ ಬಿಡೋಕೆ ಇಷ್ಟು ಜನ ಬೇಕಾ ಅಣ್ಣ?" ಎಂದು ಕಂಡಕ್ಟರ್ ರೇಗಿಸಿದ. ಮಹಾಶಯ ಮಾತ್ರ ದೊಡ್ಡ ಕಾವಲುಗಾರನ ಹಾಗೆ ಬೀಗುತ್ತಿದ್ದ. ಸಂಜೆ ಮನೆಯಲ್ಲಿ ಆಕೆ ಬೆವರಿಳಿಸಿದಳು.

"ಬೆನ್ನ ಹಿಂದೆ ಆ ಗುಡುಗು ಕೇಳ್ತಾ ಇದ್ರೆ ಹ್ಯಾಂಡಲ್ ನಡುಗುತ್ತೆ ಕಣ್ರೀ. ಎಲ್ಲರಿಗೂ ಬಿಡೋ ಹಾಗೆ ನಂಗೂ ಜಾಗ ಬಿಟ್ಟು ಮುಂದೆ ಹೋಗಿ."

ಮುಂದೆ ಹೋದ, ಆದರೆ ದಾರಿಯಲ್ಲಿನ ಸೇತುವೆಯ ಭಯ ಹೋಗಲಿಲ್ಲ. ಏರಿನ ನಡುವೆ ಆಕೆ ಉಸಿರು ಕಟ್ಟಿ ಇಳಿದುಬಿಡುತ್ತಿದ್ದಳು. ಆ ಇಕ್ಕಟ್ಟಿನಲ್ಲಿ, ಲಾರಿಗಳ ಪಕ್ಕದಲ್ಲಿ, ಏದುಸಿರು ಬಿಡುತ್ತ ಸೈಕಲ್ ತಳ್ಳುವುದನ್ನು ಅವನು ಕನ್ನಡಿಯಲ್ಲಿ ನೋಡಬೇಕಿತ್ತು. ಮಾತಿಗೆ ಮಾತು ಬೆಳೆದು ಕೊನೆಗೊಂದು ಕರಾರಾಯಿತು: ಸೋಮವಾರ ಇಳಿಯದೆ ಸೇತುವೆ ಹತ್ತಬೇಕು, ಕಾಲು ನೆಲಕ್ಕೆ ತಾಗಿದರೆ ಸೈಕಲ್ ಗುಜರಿಗೆ. ಗೆಲ್ಲುವುದು ತಾನೇ ಎಂದು ಅವನಿಗೆ ಗೊತ್ತಿತ್ತು. ಆಕೆಗೂ ಗೊತ್ತಿತ್ತೇನೋ. "ಆಯ್ತು" ಎಂದವಳು ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಎದ್ದಳು.

ಸೋಮವಾರ ಬಸ್ಸು ಏರು ಮುಗಿಸುವಷ್ಟರಲ್ಲಿ ಮುಂದೆ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಅವನೂ ನೆತ್ತಿಯ ಮೇಲೆ ನಿಲ್ಲಿಸಿ ಕನ್ನಡಿ ನೋಡಿದ. ಆಕೆ ಕೆಳಗಿನಿಂದ ಬರುತ್ತಿದ್ದಳು. ದಿನವೂ ಇಳಿಯುವ ಕಂಬ ಬಂತು. ಇಳಿಯಲಿಲ್ಲ. ಸೀಟು ಬಿಟ್ಟೆದ್ದು, ಇಡೀ ಮೈಯನ್ನು ಒಂದೊಂದು ಪೆಡಲಿನ ಮೇಲೂ ಹೇರಿ ತುಳಿಯುತ್ತಿದ್ದಳು. ಅವನು ಕಣ್ಣು ಮಿಟುಕಿಸುವುದನ್ನೇ ಮರೆತ. ಮೆಟ್ಟಿಲಿನ ತಿರುವಿನಲ್ಲಿ ಕೂರುತ್ತಿದ್ದವಳು ಇವಳೇನಾ? ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದರೂ ಈ ಕಸುವು ತನ್ನ ಕಣ್ಣಿಗೇ ಬಿದ್ದಿರಲಿಲ್ಲವಲ್ಲ! ಹೆಂಡತಿಯ ಮುಂದೆ ತಾನು ತೀರಾ ಚಿಕ್ಕವನೆನಿಸಿತು, ಅದರಿಂದ ಬೇಸರವೂ ಆಗಲಿಲ್ಲ.

ಇನ್ನು ಬಸ್ಸಿನುದ್ದದಷ್ಟು ಏರು ಉಳಿದಿತ್ತು. ಅಷ್ಟರಲ್ಲಿ ಬಸ್ಸಿನ ಹೊಗೆ ಆಕೆಯ ಮುಖಕ್ಕೆ ಹೊಡೆಯಿತು. ಆಕೆ ಕೆಮ್ಮಿದಳು, ಚಕ್ರ ಓಲಾಡಿತು, ಒಂದು ಕಾಲು ಪೆಡಲಿನಿಂದ ಜಾರಿತು. ಪಂದ್ಯ ಅವನ ಕೈಗೆ ಬಂದಿತ್ತು, ಸುಮ್ಮನೆ ಕೂತಿದ್ದರೆ ಸಾಕಿತ್ತು.

ಆ ಬಸ್ಸಿನ ಎಂಜಿನ್ ಶುರುಮಾಡುವ ಸೆಲ್ಫ್ ಕೆಟ್ಟು ಎಷ್ಟೋ ಕಾಲವಾಗಿತ್ತು. ಡಿಪೋದಿಂದ ಹೊರಟರೆ ವಾಪಸು ಹೋಗುವ ತನಕ ಎಂಜಿನ್ ಆರಿಸುವಂತಿಲ್ಲ. ಚಾಲಕರು ಊಟಕ್ಕಿಳಿದಾಗಲೂ ಅದು ಗುರುಗುಟ್ಟುತ್ತಲೇ ಇರಬೇಕು. ಆರಿಸಿದರೆ ತಳ್ಳಬೇಕು.

ಅವನು ಎಂಜಿನ್ ಆರಿಸಿದ.

ಹೊಗೆ ನಿಂತಿತು. ಜಾರಿದ ಕಾಲು ಮತ್ತೆ ಪೆಡಲು ಹಿಡಿಯಿತು. ಗಲ್ಲದಿಂದ ಬೆವರು ತೊಟ್ಟಿಕ್ಕಿಸುತ್ತ, ಅವನ ಕಡೆ ತಿರುಗಿಯೂ ನೋಡದೆ, ಆಕೆ ಬಾಗಿಲಿನ ಪಕ್ಕದಲ್ಲೇ ನೆತ್ತಿ ದಾಟಿ ಇಳಿಜಾರಿಗೆ ಹೋದಳು. ಮುಂದಿನ ವಾಹನಗಳೂ ಕದಲತೊಡಗಿದವು.

"ಅಣ್ಣ, ಯಾಕೆ ಆಫ್ ಮಾಡಿದ್ರಿ? ಈಗ ತಳ್ಳೋರ್ಯಾರು?" ಎಂದು ಕಂಡಕ್ಟರ್ ಓಡಿಬಂದ.

"ಅವಳಿಗೆ ಉಸಿರು ಬೇಕಿತ್ತು ಕಣೋ," ಎಂದ ಚಾಲಕ. ಅವನ ಕಣ್ಣು ಇನ್ನೂ ಇಳಿಜಾರಿನಲ್ಲೇ ಇತ್ತು.

ಕಂಡಕ್ಟರ್ ಒಂದು ಗಳಿಗೆ ಅವನ ಮುಖ ನೋಡಿದ. ಅಂಗಿಯ ತೋಳು ಮಡಚಿಕೊಂಡು ತಳ್ಳಲು ಇಳಿದ.