ಯಂತ್ರಕ್ಕೆ ಕಾಣದ ಬೆರಳುಗಳು

ಹೋದ ವಾರ ಚರ್ಮದ ಡಾಕ್ಟರು ಬರೆದುಕೊಟ್ಟ ಮುಲಾಮಿನ ಡಬ್ಬಿ ತೆರೆದೆ. ಡಾಂಬರಿನ ವಾಸನೆ. ನನ್ನ ಮೊಣಕೈ ಮೇಲೆ ಎಂಟಾಣೆ ಅಗಲದ ಒಂದು ಕಲೆ ಎದ್ದಿದೆ, ಅಷ್ಟೇ. ಅದಕ್ಕೇ ನಾನು ಇಂಟರ್ನೆಟ್ಟು ಜಾಲಾಡಿ, ನನಗೆ ಬಂದಿರಬಹುದಾದ ಕಾಯಿಲೆಗಳ ಪಟ್ಟಿ ಮಾಡಿಕೊಂಡು ಹೋಗಿದ್ದೆ. ಡಾಕ್ಟರು ಅದನ್ನು ಓದದೆ ಮಡಚಿ ವಾಪಸ್ಸು ಕೊಟ್ಟರು. ಆದರೆ ಈ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಪೀಣ್ಯದ ಫ್ಯಾಕ್ಟರಿಯೊಂದರ ಟೈಮ್ ಆಫೀಸಿನಲ್ಲಿ ಹಾಜರಿ ಗುಮಾಸ್ತನಾಗಿ ಕೂತಿದ್ದೆ. ಕಿಟಕಿಯಾಚೆ ಕಾಕಾ ನಿಂತಿದ್ದರು...

ಅವರು ಬಾಗಲಕೋಟೆ ಕಡೆಯವರು. ಊರಿನವರು ಕರೆಯುತ್ತಿದ್ದಂತೆ ಫ್ಯಾಕ್ಟರಿಯವರೆಲ್ಲ ಕಾಕಾ ಎನ್ನುತ್ತಿದ್ದರು. ರಾಜಗೋಪಾಲನಗರದ ಒಂದು ರೂಮಿನಲ್ಲಿ ಇನ್ನೂ ಮೂವರ ಜೊತೆ ವಾಸ. ಗ್ರೈಂಡಿಂಗ್ ಮಷೀನಿನ ಕೆಲಸ, ಕಾಂಟ್ರ್ಯಾಕ್ಟಿನ ಮೇಲೆ. ಉಜ್ಜುವ ಕಬ್ಬಿಣ ಬಿಸಿಯಾಗದಂತೆ ಹಾಲಿನ ಬಣ್ಣದ ಎಣ್ಣೆನೀರು ಸುರಿಯುತ್ತಲೇ ಇರುತ್ತದಲ್ಲ, ಕೂಲೆಂಟು, ಅದರಲ್ಲಿ ದಿನಕ್ಕೆ ಎಂಟು ಗಂಟೆ ಅವರ ಕೈ ನೆನೆಯುತ್ತಿತ್ತು. ಆರು ವರ್ಷ ನೆನೆದ ಮೇಲೆ ಆ ಕೈ ಬೇಸಿಗೆಯ ಕೆರೆಯಂಗಳದಂತೆ ಬಿರಿಯಿತು. ತುರಿಕೆ, ಕೀವು, ಹೊಪ್ಪಳೆ. ರೂಮಿನವರು ಅವರ ತಟ್ಟೆಯನ್ನು ಬೇರೆ ಇಟ್ಟರು. ಕ್ಯಾಂಟೀನಿನಲ್ಲಿ ಅವರ ಪಕ್ಕದ ಜಾಗ ಸದಾ ಖಾಲಿ. ಖಾರ ತಾಗಿದರೆ ಕೈ ಉರಿಯುತ್ತದೆಂದು ಚಮಚ ಹಿಡಿದಿದ್ದರು.

“ಚಮಚದಾಗ ರೊಟ್ಟಿ ಹೆಂಗ ಮುರೀಲಿ ಸರ?” ಎಂದು ಒಮ್ಮೆ ನಕ್ಕರು. ಆಮೇಲೆ, “ಊರಿಗೆ ಹ್ವಾದಾಗ ಮಗಳ ತಲೀಮ್ಯಾಲ ಕೈ ಇಟ್ನಿ. ಕೂದಲ ಕೈ ಸೀಳಿನ್ಯಾಗ ಸಿಕ್ಕು, ಕೂಸು ಚಿಟ್ಟಂತ ಚೀರಿತ್ರಿ” ಎಂದರು. ಆಗ ನಗಲಿಲ್ಲ.

ಕಾಕಾ ತಂದುಕೊಟ್ಟ ಡಾಕ್ಟರ ಚೀಟಿ ನನ್ನ ಮೇಜಿನ ಮೇಲೇ ಇತ್ತು. ಇದು ಅಂಟುವ ರೋಗವಲ್ಲ. ದಿನಕ್ಕೆ ಮೂರು ಸಲ ಮುಲಾಮು, ಇದೇ ಡಾಂಬರಿನ ವಾಸನೆಯದು, ಹಚ್ಚಬೇಕು. ಎಣ್ಣೆನೀರಿನಿಂದ ಕೈ ದೂರವಿಡದಿದ್ದರೆ ಯಾವ ಔಷಧವೂ ನಿಲ್ಲದು. ಕೈ ಒದ್ದೆಯಾಗದ ಕೆಲಸ ನಮ್ಮಲ್ಲಿ ಇತ್ತು, ಸ್ಟೋರ್ಸಿನಲ್ಲಿ. ಆದರೆ ಸ್ಟೋರ್ಸು ಪರ್ಮನೆಂಟ್ ಆದವರಿಗೆ ಮಾತ್ರ. ಪರ್ಮನೆಂಟ್ ಆಗಬೇಕಾದರೆ ಆರು ತಿಂಗಳ ಹಾಜರಿ ಒಂದೂ ಲೋಪವಿಲ್ಲದೆ ಇರಬೇಕು. ಹಾಜರಿ ಹಾಕಲು ಆ ವರ್ಷವೇ ಬೆರಳೊತ್ತುವ ಯಂತ್ರ ಬಂದಿತ್ತು.

ಬೆರಳು ಒಪ್ಪಿದರೆ ಅದು ಹೆಣ್ಣುದನಿಯಲ್ಲಿ “ಥ್ಯಾಂಕ್ ಯೂ” ಎನ್ನುತ್ತಿತ್ತು. ಕಾಕಾ ಒತ್ತಿದರೆ “ಪ್ಲೀಸ್ ಟ್ರೈ ಅಗೇನ್.” ಹಿಂದೆ ಅರವತ್ತು ಜನರ ಸಾಲು.

“ಕಾಲ್ಬೆರಳು ಇಡು ಕಾಕಾ, ಅದಕ್ಕಾದ್ರೂ ಮರ್ಯಾದೆ ಕೊಡ್ತಾಳೇನೋ!”

“ಲೇ, ಬೇಗ ಮುಗ್ಸು ಗುರು, ಲೇಟಾದ್ರೆ ನಮ್ ತಲೆಗೆ ಬರುತ್ತೆ!”

“ತಡೀರಪಾ, ಆಕಿ ನನ್ನ ಇನ್ನಾ ಒಪ್ಪವಲ್ಲಳು,” ಎನ್ನುತ್ತಿದ್ದರು ಕಾಕಾ, ಬೆರಳನ್ನು ಪ್ಯಾಂಟಿಗೆ ಒರೆಸಿ ಮತ್ತೆ ಒತ್ತುತ್ತಾ.

ನಾನು ಒಂದೊಂದೇ ಬೆರಳು ಬದಲಿಸಿ ದಾಖಲಿಸಿದೆ. ಬಲ ಹೆಬ್ಬೆರಳು ಹೋಯಿತು, ತೋರುಬೆರಳು ಹೋಯಿತು, ಎಡಗೈಗೆ ಬಂದೆ. ಮಜವೆಂದರೆ, ಮುಲಾಮು ಕೆಲಸ ಮಾಡುತ್ತಿತ್ತು. ಸೀಳು ಕೂಡುತ್ತಿತ್ತು, ರಾತ್ರಿ ನಿದ್ದೆ ಹತ್ತುತ್ತಿದೆ ಎಂದು ಅವರೇ ಹೇಳಿದ್ದರು. ಆದರೆ ಆ ಜಿಡ್ಡು ಬೆರಳನ್ನು ಯಂತ್ರ ಮೂಸಿಯೂ ನೋಡುತ್ತಿರಲಿಲ್ಲ. ಆಗ ಊರಿಗೇ ಉಪಾಯ ಹೇಳುವ ನಾನು ಹೇಳಿದೆ: “ಕಾಕಾ, ಒಂದಷ್ಟು ತಿಂಗಳು ಮುಲಾಮು ಬಿಟ್ಬಿಡಿ. ಪರ್ಮನೆಂಟ್ ಆಗ್ಲಿ, ಆಮೇಲೆ ಹಚ್ಕೊಳ್ಳಿ.”

ಅವರು ನನ್ನನ್ನು ನಂಬಿದರು. ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ... ಯಾಕೆ ನಂಬಬೇಕಿತ್ತು? ಮುಲಾಮು ಬಿಟ್ಟರು. ನಾಲ್ಕನೇ ತಿಂಗಳವರೆಗೆ ಒಣಗಿದ ಬೆರಳು ಹೇಗೋ ನಡೆಯಿತು. ಐದನೆಯದರಲ್ಲಿ ಹತ್ತೂ ಬೆರಳು ಒಟ್ಟಿಗೆ ಒಡೆದವು.

ಅಂಥ ಒಂದು ಬೆಳಿಗ್ಗೆ, ಸಾಲು ಗಲಾಟೆ ಮಾಡುತ್ತಿದ್ದಾಗ, ನಾನೇ ಹೊರಗೆ ಹೋಗಿ ಅವರ ಎಡ ಕಿರುಬೆರಳನ್ನು ಹಿಡಿದು ಗಾಜಿನ ಮೇಲೆ ಅದುಮಿದೆ. “ಥ್ಯಾಂಕ್ ಯೂ” ಎಂದಿತು. ಗಾಜಿನ ಮೇಲೆ ರಕ್ತದ ಒಂದು ಗೆರೆ ಉಳಿಯಿತು. ನಾನು ಒಳಗೆ ಬಂದವನೇ ನಲ್ಲಿ ತಿರುಗಿಸಿ ಕೈ ತೊಳೆದೆ. ಸೋಪು ಹಾಕಿ, ಒಮ್ಮೆಯಲ್ಲ, ಎರಡು ಸಲ. ಅಂಟುವುದಿಲ್ಲ ಎಂಬ ಚೀಟಿ ಮೊಳ ದೂರದಲ್ಲಿತ್ತು. ತಲೆ ಎತ್ತಿದರೆ ಕಿಟಕಿಯಾಚೆ ಕಾಕಾ ಇನ್ನೂ ನಿಂತೇ ಇದ್ದರು.

“ತೊಳ್ಕೋರಿ ಸರ,” ಎಂದರು ಮೆಲ್ಲಗೆ. “ಮಷೀನಿನ ಎಣ್ಣಿ ಜಿಡ್ಡು ಭಾಳ ಇರ್ತದ ನೋಡ್ರಿ.”

ಆ ಹೊತ್ತಿಗೆ ಅವರಿನ್ನೂ ಮಷೀನು ಮುಟ್ಟಿರಲಿಲ್ಲ.

ಮುಂದೆ ಕಿರುಬೆರಳೂ ಕೈಕೊಟ್ಟಿತು. ಹನ್ನೊಂದು ದಿನ ಯಂತ್ರ ಅವರನ್ನು ಗೈರುಹಾಜರು ಎಂದಿತು; ಹನ್ನೊಂದು ದಿನವೂ ಅವರು ಗ್ರೈಂಡಿಂಗಿನಲ್ಲಿ ನಿಂತು ದುಡಿದಿದ್ದರು. ಯಂತ್ರ ಕೆಟ್ಟರೆ ಪುಸ್ತಕದಲ್ಲಿ ಬರೆದು ಸಹಿ ಹಾಕುವ ಅಧಿಕಾರ ನನಗಿತ್ತು. ಆದರೆ ಕೆಟ್ಟದ್ದು ಯಂತ್ರವಲ್ಲವಲ್ಲ, ನಾಳೆ ಆಡಿಟ್ಟಿನವರು ಕೇಳಿದರೆ, ಮೇಲಿನವರು ಹಿಡಿದುಕೊಂಡರೆ, ನನ್ನ ಇಂಕ್ರಿಮೆಂಟು... ಹೀಗೆ ಲೆಕ್ಕ ಹಾಕುತ್ತಾ ಮ್ಯಾನೇಜರ ಹತ್ತಿರ ಹೋದೆ. ಅವರು ತಲೆಯೆತ್ತದೆ, “ಒಬ್ಬನಿಗೆ ಬಿಟ್ರೆ ನಾಳೆ ಎಲ್ರೂ ಕೈಗೆ ಎಣ್ಣೆ ಹಚ್ಕೊಂಡ್ ಬರ್ತಾರೆ ಕಣ್ರೀ” ಎಂದರು. ನಾನೇನೆಂದೆ ಗೊತ್ತೇ? “ಕರೆಕ್ಟ್ ಸಾರ್” ಎಂದೆ. ಅವರು ಕೇಳದಿದ್ದರೂ ಇನ್ನೊಮ್ಮೆ ಎಂದೆ.

ಪರ್ಮನೆಂಟ್ ಆದವರ ಪಟ್ಟಿಯಲ್ಲಿ ಕಾಕಾ ಹೆಸರು ಬರಲಿಲ್ಲ. ಸ್ಟೋರ್ಸಿಗೆ ಯಾರನ್ನೋ ಹಾಕಿದರು. ವಾರ ಕಳೆದು ಕಾಕಾ ಕಿಟಕಿಗೆ ಬಂದರು. ಊರಿಗೆ ಹೋಗುತ್ತೇನೆ, ಎಣ್ಣೆನೀರಿನಿಂದಾದರೂ ದೂರವಿರುತ್ತೇನೆ ಎಂದರು. ನಾನು ಕಿಟಕಿಯ ಸಂದಿನಿಂದ ಕೈ ಚಾಚಿದೆ. ಅವರು ಅದನ್ನು ನೋಡಿ, ಎರಡೂ ಕೈ ಎದೆಯ ಹತ್ತಿರ ಜೋಡಿಸಿ, “ಇರ್ಲಿರಿ ಸರ” ಎಂದರು. ಚಾಚಿದ ನನ್ನ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಕಿಟಕಿಯ ಧೂಳು ಒರೆಸಿದೆ.

ಕೊರೊನಾ ಬಂದ ವರ್ಷ ಆ ಯಂತ್ರವನ್ನು ತೆಗೆದರು. ಒಬ್ಬರು ಮುಟ್ಟಿದ್ದನ್ನು ಇನ್ನೊಬ್ಬರು ಮುಟ್ಟಬಾರದಂತೆ. ಬೆಳಿಗ್ಗೆ ಒಂದು ಸಾಲಿನ ನೋಟೀಸು, ಮಧ್ಯಾಹ್ನಕ್ಕೆ ಗೋಡೆಯಲ್ಲಿ ನಾಲ್ಕು ತೂತು ಅಷ್ಟೇ. ಎಲ್ಲರ ಹಾಜರಿಯನ್ನೂ ನಾನು ಪೆನ್ನಿನಲ್ಲಿ ಬರೆದೆ, ಇಡೀ ವರ್ಷ. ಯಾರೂ ಎಣ್ಣೆ ಹಚ್ಚಿಕೊಂಡು ಬರಲಿಲ್ಲ. ಆಡಿಟ್ಟಿನವರು ಒಂದು ಮಾತೂ ಕೇಳಲಿಲ್ಲ. ಇಷ್ಟು ಸಲೀಸಾಗಿತ್ತೇ ಎಂದು ಪ್ರತಿ ಸಹಿಗೂ ಹಲ್ಲು ಕಚ್ಚಿದೆ.

ಹೋದ ವಾರ, ಮುಲಾಮಿನ ಕೈಯಲ್ಲೇ, ಹಳೆಯ ಡೈರಿಯಿಂದ ಕಾಕಾ ನಂಬರು ಹುಡುಕಿ ಫೋನು ಮಾಡಿದೆ. ಒಬ್ಬ ಹೆಣ್ಣುಮಗಳು ಎತ್ತಿದಳು. ಅವರ ಮಗಳೇ ಇರಬಹುದು ಅಂದುಕೊಂಡೆ. ಅಲ್ಲ. ನಂಬರು ತನಗೆ ಬಂದು ಐದು ವರ್ಷವಾಯಿತು, ಅಂಥವರು ಯಾರೂ ಗೊತ್ತಿಲ್ಲ ಎಂದಳು.

“ಏನಾರ ಹೇಳೂದಿತ್ತೇನ್ರಿ?”

ಇತ್ತು. ಸಾರಿ ಅಮ್ಮ, ರಾಂಗ್ ನಂಬರು ಎಂದು ಇಟ್ಟುಬಿಟ್ಟೆ.