ಇಂಗ್ಲೆಂಡಿಗೆ ಹೇಳಿದ ಒಡಪು

ನನ್ನ ತಂಗಿಯ ಮಗಳು ಇಂಗ್ಲೆಂಡಿನ ಕೋರ್ಟಿನಲ್ಲಿ ಗಂಡನಿಂದ ವಿಚ್ಛೇದನ ಕೇಳಿದಳು. ಅವನು, "ಮದುವೆಯೇ ಆಗಿಲ್ಲ, ಪುಣೆಯಲ್ಲಿ ಆದದ್ದು ಬರೀ ನಿಶ್ಚಯ" ಎಂದುಬಿಟ್ಟ. ಮದುವೆ ಆಗಿಲ್ಲವೆಂದರೆ ಬಿಡುಗಡೆಯೂ ಇಲ್ಲ, ಹೆಂಡತಿಯ ಹಕ್ಕೂ ಇಲ್ಲ. ಅಷ್ಟು ವರ್ಷ ಅವನಿಗೆ ಬೇಯಿಸಿ ಹಾಕಿದ್ದು ದಂಡ.

ಮದುವೆಯನ್ನು ನೋಂದಣಿ ಮಾಡಿಸಿರಲಿಲ್ಲ. ಭಟ್ಟರು ತೀರಿಕೊಂಡಿದ್ದರು. ಫೋಟೋದಲ್ಲಿ ತಾಳಿ ತೋರಿಸಿದರೆ, ಅದು ಸರ ಅಂದ. ಹೆತ್ತ ತಾಯಿಯ ಮಾತೊಂದೇ ಸಾಲದು ಎಂದರು ವಕೀಲರು. ಕೊನೆಗೆ ಸಿಕ್ಕವಳು ನಾನು.

ಅಲ್ಲಿಯ ಕೋರ್ಟು ಇಲ್ಲಿಯ ಕೋರ್ಟಿಗೆ ಪತ್ರ ಬರೆದು, ಈ ಮುದುಕಿಯ ಸಾಕ್ಷಿ ತೆಗೆದು ಕಳಿಸಿ ಎಂದು ಕೇಳಿತು. ಒಬ್ಬ ವಕೀಲರನ್ನು ಅದಕ್ಕೆಂದೇ ನೇಮಿಸಿದರು. ಪುಣೆಯ ಶಿವಾಜಿನಗರದ ಒಂದು ಕೋಣೆಯಲ್ಲಿ ನನ್ನನ್ನು ಟಿವಿ ಮುಂದೆ ಕೂರಿಸಿದರು. ಟಿವಿಯೊಳಗೆ ಅವನ ಬಿಳಿ ವಕೀಲ. ಪಕ್ಕದಲ್ಲಿ ಟೈ ಕಟ್ಟಿಕೊಂಡು ಅವನು. ನನ್ನ ಪಕ್ಕದಲ್ಲಿ ಬೆಂಗಳೂರು ಕಡೆಯ ದುಭಾಷಿ ಹುಡುಗಿ.

"ಅಜ್ಜಿ, ಮೊದಲು ನಿಮ್ಮ ಯಜಮಾನರ ಹೆಸರು ಹೇಳಿ."

"ಹೇಳಾಂಗಿಲ್ಲ."

"ಯಾಕಜ್ಜಿ?"

"ಗಂಡನ ಹೆಸರು ಬಾಯಿಲೆ ಹೇಳತಾರೇನ್ ಹುಚ್ಚಿ? ಟಿವ್ಯಾಗಿನ ಆ ಅಳಿಯಾಗ ಕೇಳು, ಅವಂಗ ಗೊತ್ತದ."

ಟೈ ಕಟ್ಟಿದವನು ತಲೆ ತಗ್ಗಿಸಿದ. ಇಲ್ಲಿಯ ವಕೀಲರು ಮರಾಠಿಯಲ್ಲಿ ಗೋಗರೆದರು: ಹೆಸರು ಹೇಳದಿದ್ದರೆ ಸಾಕ್ಷಿ ಮುಂದೆ ಹೋಗದು. ಸರಿ, ಮದುವೆಮನೆಯಲ್ಲಿ ಪ್ರಾಸದೊಳಗೆ ಗಂಡನ ಹೆಸರು ಸೇರಿಸಿ ಹೇಳುತ್ತಾರಲ್ಲ, ಹಾಗೆ ಒಡಪು ಹಾಕಿದೆ:

"ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ, ಇಂಥವರಿಗೆ ಸಾಯೋತನಕ ಬರಲಿಲ್ಲ ಬುದ್ಧಿ."

ಇಂಥವರು ಎನ್ನುವಲ್ಲಿ ಹೆಸರು ಹೇಳಿದೆ, ಇಲ್ಲಿ ಬರೆಯುವುದಿಲ್ಲ. ಹುಡುಗಿ ಇಂಗ್ಲಿಷಿನಲ್ಲಿ ಬಹಳ ಹೊತ್ತು ವಿವರಿಸಿದಳು. ಬಿಳಿ ವಕೀಲನಿಗೆ ಏನನ್ನಿಸಿತೋ, "ಮೃತರ ಬುದ್ಧಿ ಈ ದಾವೆಗೆ ಸಂಬಂಧಪಟ್ಟದ್ದಲ್ಲ" ಎಂದು ಬರೆಸಿದ.

ಆಮೇಲೆ, ಮದುವೆ ಆದದ್ದು ನಿಮಗೆ ಹೇಗೆ ಗೊತ್ತು ಎಂದು ಕೇಳಿದರು.

"ಹೆಂಗಂದ್ರ? ಮದಿವಿ ಮುಗಿಸಿ ಚಿಂಚವಾಡದಾಗ ಅವರ ಮನಿ ಹೊಸ್ತಿಲದಾಗ ನಿಂತಿದ್ರು. ಹೆಂಡ್ತಿ ಹೆಸರು ಹೇಳೋತನಕ ಒಳಗ ಬಿಡೂದಿಲ್ಲ ಅಂತ ಹುಡುಗಿ ಕೂಡ ಹೋಗಿದ್ದ ನಾನಽ ಅಡ್ಡ ನಿಂತಿದ್ದೆ. ಆಗ ಇವಾ ಅಂದಾ: ತಾಟಿನಾಗ ಹೋಳಿಗಿ, ಮ್ಯಾಲ ತುಪ್ಪ, ಇಂಥಾಕಿ ನನ್ನ ಹೇಂತಿ, ಬಾಗಿಲಾ ತಗಿಯೋ ಯಪ್ಪ!"

ಟಿವಿಯವನು ತಟ್ಟನೆ ತಲೆಯೆತ್ತಿದ. "ಹೋಳಿಗಿ ಅಲ್ಲ ದೊಡ್ಡವ್ವಾ, ಮಂಡಗಿ! ಹೋಳಿಗಿ ಎಲ್ಲಾರೂ ಹೇಳ್ತಾರ. ನನ್ನ ಮದಿವ್ಯಾಗ ನಾ ಹೇಳಿದ್ದು ನನಗ ಗೊತ್ತಿಲ್ಲೇನು?"

ಬಿಳಿ ವಕೀಲ, ಇವನು ಏನಂದ ಎಂದು ಕೇಳಿದ. ಹುಡುಗಿ ಹೇಳಿದಳು. ಅವನು ಕನ್ನಡಕ ತೆಗೆದು ಮುಖ ಒರೆಸಿಕೊಂಡ.

"ಇರವಲ್ದ್ಯಾಕ, ಮಂಡಗಿ ಅಂತಽ ಬರಕೋರಿ" ಎಂದೆ.

ಮದುವೆ ಆದದ್ದು ನಿಜವೆಂದು ಅಲ್ಲಿಯ ಕೋರ್ಟು ತೀರ್ಪು ಕೊಟ್ಟಾಗ ತಂಗಿ ಬಿಬವೇವಾಡಿಯ ನಮ್ಮ ಓಣಿಗೆಲ್ಲ ಪೇಡೆ ಹಂಚಿದಳು. ಎದುರುಮನೆಯ ಕನ್ನಡದಾಕೆ, "ಏನ್ರಿ ವಿಶೇಷ?" ಎಂದಳು.

"ನಮ್ಮ ಹುಡುಗೀದು ಮದಿವಿ ಆಗೇದ ಅಂತ ಆತ್ರಿ."

ಕೆಲವು ತಿಂಗಳಲ್ಲಿ ವಿಚ್ಛೇದನವೂ ಸಿಕ್ಕಿತು. ತಂಗಿ ಮತ್ತೆ ಪೇಡೆ ತಂದಳು, ಈ ಸಲ ಕೇಸರಿ ಹಾಕಿದ್ದು. ಎದುರುಮನೆಯಾಕೆ ಬಾಯಿಗೆ ಹಾಕಿಕೊಂಡು ಕೇಳಿದಳು, "ಇದು ಯಾತರದ್ರಿ?"

"ಬಿಡುಗಡಿ ಆತ್ರಿ."

"ಅಯ್ಯ ಶಿವನ! ಇಷ್ಟ್ ಲಗೂನಽ?"