‘ಕಳ್ಲ ಕಾ?’ ಎಂದರೆ ಕಳ್ಳ ಅಲ್ಲ

೧೯೯೬ರ ಅಕ್ಟೋಬರ್ ತಿಂಗಳು. ನಾನಾಗ ಪುಣೆಯ ಕೋಥರೂಡದಲ್ಲಿ ಹೆಣ್ಣುಮಕ್ಕಳ ಮರಾಠಿ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದೆ. ತರಗತಿಗೆ ನಾನೇ ಮಾನಿಟರ್. ಎದೆಯ ಮೇಲೆ ಹಿತ್ತಾಳೆ ಬಿಲ್ಲೆ ಸಿಕ್ಕಿಸಿಕೊಂಡು ಓಡಾಡುವಾಗ ನೆಲ ಕಾಣುತ್ತಿರಲಿಲ್ಲ. ಈಗ ನೆನೆದರೆ ನಗು ಬರುತ್ತದೆ.

ನಮ್ಮ ಮೂಲ ಧಾರವಾಡ. ಅಪ್ಪ ಪುಣೆಯ ಒಂದು ಆಫೀಸಿನಲ್ಲಿ ಗುಮಾಸ್ತರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಕುಲಕರ್ಣಿ ಎಂಬ ಅಡ್ಡಹೆಸರು ಎರಡೂ ಕಡೆ ಸಲ್ಲುತ್ತದೆಯಲ್ಲ, ಹಾಗಾಗಿ ಶಾಲೆಯಲ್ಲಿ ನಾನು ಮರಾಠಿಯವಳೆಂದೇ ಎಲ್ಲರೂ ತಿಳಿದಿದ್ದರು. ನಾನೂ ಅವರ ತಿಳಿವಳಿಕೆಯನ್ನು ತಿದ್ದಲು ಹೋಗಿರಲಿಲ್ಲ. ತೆಂಕಣದ ಮಾತು ಕಿವಿಗೆ ಬಿದ್ದರೆ ಸಾಕು, ಗೆಳತಿಯರು ‘ಅಂಡು ಗುಂಡು’ ಎಂದು ಅಣಕಿಸಿ ನಗುತ್ತಿದ್ದರು. ಆ ನಗುವಿನಲ್ಲಿ ನಾನೂ ಸೇರುತ್ತಿದ್ದೆ.

ಇಲ್ಲಿ ನಮ್ಮ ಮನೆಯ ಒಂದು ಹಳೆಯ ತಮಾಷೆಯನ್ನು ಹೇಳಲೇಬೇಕು. ಅಪ್ಪ ಪುಣೆಗೆ ಬಂದ ಹೊಸತರಲ್ಲಿ ಅವರ ಸಾಹೇಬರು ಕೆಲಸವನ್ನೆಲ್ಲ ವಿವರಿಸಿ, ಕೊನೆಗೆ “ಕಳ್ಲ ಕಾ?” ಎಂದು ಕೇಳಿದರಂತೆ. ಮರಾಠಿಯಲ್ಲಿ ಹಾಗೆಂದರೆ ‘ತಿಳಿಯಿತೇ?’ ಎಂದರ್ಥ. ಆದರೆ ಧಾರವಾಡದ ಕಿವಿಗೆ ಅದು ಹಾಗೆ ಕೇಳಿಸಬೇಕಲ್ಲ! ಅಪ್ಪ ಅಂಗಿಯ ತೋಳು ಮಡಚಿ, “ಸಾಹೇಬ್ರ, ನಮ್ಮ ಮನೆತನದಾಗ ಯಾರೂ ಕಳ್ಳರಿಲ್ರೀ” ಎಂದು ಕನ್ನಡದಲ್ಲೇ ಎದ್ದು ನಿಂತರಂತೆ. ಮನೆಗೆ ಬಂದ ನೆಂಟರಿಗೆಲ್ಲ ಅಮ್ಮ ಈ ಕಥೆ ಹೇಳಿ ನಗಿಸುತ್ತಿದ್ದಳು.

ಆ ವರ್ಷ ಗಣಪತಿ ಹಬ್ಬ ಮುಗಿದ ಮೇಲೆ ನಮ್ಮ ತರಗತಿಗೆ ಮಹಾದೇವಿ ಎಂಬ ಹೊಸ ಹುಡುಗಿ ಬಂದಳು. ಸಿಂದಗಿ ಕಡೆಯವಳು. ಅವಳ ಅಪ್ಪ ಕೋಥರೂಡದಲ್ಲೇ ಏಳುತ್ತಿದ್ದ ಒಂದು ಕಟ್ಟಡದಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಮರಾಠಿ ಅವಳಿಗೆ ನಾಲ್ಕು ಮಾತು ಬರುತ್ತಿತ್ತೋ ಇಲ್ಲವೋ. ಹಾಜರಿ ಕೂಗುವಾಗ ನನ್ನ ಹೆಸರು ಕೇಳಿದವಳು ಮಧ್ಯಾಹ್ನ ನೇರ ನನ್ನ ಬಳಿಗೇ ಬಂದಳು.

“ಕುಲಕರ್ಣಿ ಅಂದ್ರಲ್ರೀ, ನಿಮಗ ಕನ್ನಡ ಬರ್ತದೇನ್ರೀ?”

ಅವಳ ಮುಖದಲ್ಲಿ ಎಂಥ ಆಸೆಯಿತ್ತು! ನನ್ನ ಪಕ್ಕದಲ್ಲಿ ಗೆಳತಿ ಮಂಜಿರಿ ನಿಂತಿದ್ದಳು. ನಾನು ಹುಬ್ಬು ಗಂಟಿಕ್ಕಿ, “ಕಾಯ್ ಮ್ಹಣತೇಸ?” ಎಂದೆ. ಏನು ಹೇಳುತ್ತಿದ್ದೀಯೆ ಎಂದು ಮರಾಠಿಯಲ್ಲಿ. ಅವಳು ಕೊನೆಯ ಬೆಂಚಿಗೆ ಹೋಗಿ ಕೂತಳು. ಆಮೇಲೆ ಮೂರು ವಾರ ಅವಳು ಯಾರೊಂದಿಗೂ ಮಾತಾಡಿದ್ದನ್ನು ನಾನು ನೋಡಲಿಲ್ಲ.

ಅಷ್ಟರಲ್ಲಿ ಅರ್ಧವಾರ್ಷಿಕ ಪರೀಕ್ಷೆ ಬಂತು. ಬೀಜಗಣಿತವೆಂದರೆ ನನಗೆ ಜ್ವರ. ಪರೀಕ್ಷೆಯ ಹಿಂದಿನ ದಿನ ಮಂಜಿರಿ ನೋಟುಪುಸ್ತಕಗಳನ್ನು ಇಡಲೆಂದು ಶಿಕ್ಷಕಿಯರ ಕೋಣೆಗೆ ಹೋದವಳು, ಮೇಜಿನ ಮೇಲಿದ್ದ ಪ್ರಶ್ನೆಪತ್ರಿಕೆಗಳ ಕಟ್ಟಿನಿಂದ ಒಂದನ್ನು ಎಳೆದುಕೊಂಡು ಬಂದಳು. ಆಗೆಲ್ಲ ಸೈಕ್ಲೋಸ್ಟೈಲ್ ಮಾಡಿದ ಪತ್ರಿಕೆ. ಮುಟ್ಟಿದರೆ ಬೆರಳಿಗೆ ಮಸಿ ಹತ್ತುತ್ತಿತ್ತು. ಆ ಸಂಜೆ ಅವಳ ಮನೆಯಲ್ಲಿ ನಾವು ನಾಲ್ವರು ಕೂತು ಎಲ್ಲ ಲೆಕ್ಕಗಳನ್ನೂ ಬಿಡಿಸಿದೆವು. ಹೌದು, ನಾಲ್ವರಲ್ಲಿ ನಾನೂ ಒಬ್ಬಳು. ಬೇಡ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಬೇಕು ಎನ್ನಿಸಲೂ ಇಲ್ಲ.

ಮರುದಿನ ‘ಬ’ ವಿಭಾಗದ ಒಬ್ಬ ಹುಡುಗಿಗೆ ಪತ್ರಿಕೆ ಕಡಿಮೆ ಬಿತ್ತು. ಪರಾಂಜಪೆ ಬಾಯಿಯವರಿಗೆ ಸಂಶಯ ಬಂತು. ನಮ್ಮಲ್ಲಿ ಶಿಕ್ಷಕಿಯರನ್ನು ‘ಬಾಯಿ’ ಎಂದೇ ಕರೆಯುವುದು. ಇವರು ಗಣಿತದ ಬಾಯಿ, ಬಹಳ ಶಿಸ್ತಿನವರು. ಪರೀಕ್ಷೆ ಮುಗಿಯುತ್ತಲೇ ಎಲ್ಲರ ಚೀಲಗಳನ್ನೂ ನೋಡುತ್ತೇನೆ ಎಂದರು. ಚೀಲಗಳೆಲ್ಲ ಗೋಡೆಯ ಪಕ್ಕ ಸಾಲಾಗಿದ್ದವು. ಮಂಜಿರಿ ಪೆದ್ದಿ, ಆ ಪತ್ರಿಕೆಯನ್ನು ತನ್ನ ಚೀಲದಲ್ಲೇ ಇಟ್ಟುಕೊಂಡು ಬಂದಿದ್ದಳು! ಬಾಯಿ ಅತ್ತ ತಿರುಗಿದ್ದಾಗ ಅವಳು ತನ್ನ ಚೀಲ ಎತ್ತುವ ನೆಪದಲ್ಲಿ ಬಗ್ಗಿ, ಅದನ್ನು ಪಕ್ಕದ ಚೀಲಕ್ಕೆ ತುರುಕಿದಳು. ಚೈನು ಇಲ್ಲದ, ಬಾಯಿ ತೆರೆದ ಕೈಚೀಲ ಅದೊಂದೇ ಇತ್ತು. ಮಹಾದೇವಿಯದು. ನಾನು ಕಣ್ಣಾರೆ ನೋಡಿದೆ.

ಪತ್ರಿಕೆ ಸಿಕ್ಕಿತು. ಬಾಯಿ ಮಹಾದೇವಿಯನ್ನು ಹಲಗೆಯ ಮುಂದೆ ನಿಲ್ಲಿಸಿ ಒಂದೇ ಸಮನೆ ಕೇಳತೊಡಗಿದರು. ಹೆದರಿಕೆಗೆ ಅವಳಿಗೆ ಗೊತ್ತಿದ್ದ ನಾಲ್ಕು ಮರಾಠಿ ಮಾತೂ ಮರೆತುಹೋದವು. ಸುಮ್ಮನೆ ಕಣ್ಣು ಕಣ್ಣು ಬಿಡುತ್ತಿದ್ದಳು. ಕೊನೆಗೆ ಬಾಯಿ ಆ ಪತ್ರಿಕೆಯನ್ನು ಅವಳ ಮುಖದ ಮುಂದೆ ಹಿಡಿದು, “ಕಾಯ್ ಕೇಲಸ ತೆ ಕಳ್ಲ ಕಾ?” ಎಂದು ಗದರಿದರು. ಮಾಡಿದ್ದು ಏನೆಂದು ತಿಳಿಯಿತೇ ಎಂದು ಅವರು ಕೇಳಿದ್ದು.

ಮಹಾದೇವಿ ಬೆಚ್ಚಿಬಿದ್ದಳು. “ಕಳ್ಳ ಅಲ್ರೀ ಬಾಯಿ! ಕಳ್ಳ... ನಾ ಕಳ್ಳ...” ಎಂದು ಬಿಕ್ಕಳಿಸಿ ಅಳತೊಡಗಿದಳು. ಮುಂದಿನ ‘ಅಲ್ಲ’ ಅಳುವಿನಲ್ಲೇ ಮುಳುಗಿಹೋಯಿತು.

“ಕಳ್ಲ ನಾ?” ಎಂದರು ಬಾಯಿ. ಅವರ ದನಿ ಸ್ವಲ್ಪ ಇಳಿಯಿತು. “ತಿಳಿಯಿತು ಅಂತ ಇವಳೇ ಒಪ್ಪಿಕೊಂಡಳಲ್ಲ. ನಾಳೆ ಅಪ್ಪನನ್ನು ಕರೆದುಕೊಂಡು ಬಾ.”

ಇಡೀ ತರಗತಿಯಲ್ಲಿ ಅವಳು ನಿಜಕ್ಕೂ ಹೇಳಿದ್ದೇನೆಂದು ಗೊತ್ತಿದ್ದವಳು ನಾನೊಬ್ಬಳೇ. ನಮ್ಮ ಮನೆಯ ತಮಾಷೆ ಅಲ್ಲಿ ಕಣ್ಣೀರು ಹಾಕುತ್ತ ನಿಂತಿತ್ತು. ನನ್ನ ನಾಲಿಗೆ ಮಾತ್ರ ಏಳಲಿಲ್ಲ.

ಶಾಲೆ ಬಿಟ್ಟ ಮೇಲೆ ನೀರಿನ ನಲ್ಲಿಗಳ ಹಿಂದೆ ಮಂಜಿರಿ ನಮ್ಮನ್ನು ಸೇರಿಸಿದಳು. ಬೀಜಗಣಿತದ ಪುಸ್ತಕ ಮುಂದೆ ಹಿಡಿದು ಎಲ್ಲರೂ ಕೈ ಇಡಿ ಎಂದಳು. ‘ವಿದ್ಯೇಚೀ ಶಪ್ಪಥ’, ಅಂದರೆ ವಿದ್ಯೆಯ ಆಣೆ. ಅದನ್ನು ಮುರಿದವಳಿಗೆ ವಿದ್ಯೆ ಹತ್ತುವುದಿಲ್ಲ ಎಂದು ನಾವೆಲ್ಲ ಮನಸಾರೆ ನಂಬಿದ್ದೆವು. ‘ಮಂಜಿರಿಯ ಹೆಸರಾಗಲಿ, ಗೆಳತಿಯರ ಹೆಸರಾಗಲಿ ಯಾರಿಗೂ ಹೇಳುವುದಿಲ್ಲ’ ಎಂದು ಹೇಳಿಸಿದಳು. ನಾನು ಕೊಂಚ ತಡವರಿಸಿದಾಗ ಅವಳು ನನ್ನ ಬಿಲ್ಲೆಯನ್ನು ಬೆರಳಿನಿಂದ ತಟ್ಟಿ, “ಹೇಳಿದರೆ ನೀನೂ ಉಳಿಯುವುದಿಲ್ಲ, ನೆನಪಿರಲಿ. ಅವಳೇನು, ಕಟ್ಟಡ ಮುಗಿದರೆ ಹೇಗೂ ಹೋಗುವವಳು” ಎಂದಳು. ನಾನು ಕೈ ಇಟ್ಟೆ.

ಆ ಸಂಜೆ ಅಮ್ಮ ರೊಟ್ಟಿ ಬಡಿಯುತ್ತ, “ನಿಮ್ಮ ಸಾಲ್ಯಾಗ ನಮ್ಮ ಕಡಿ ಹುಡುಗಿ ಬಂದಾಳಂತಲ್ಲ, ಮಾತಾಡ್ಸೀಯಿಲ್ಲೋ?” ಎಂದು ಕೇಳಿದಳು. ಯಾರಿಂದ ತಿಳಿಯಿತೋ. “ಮಾತಾಡ್ಸೀನಿ” ಎಂದು ಸುಳ್ಳು ಹೇಳಿದೆ.

ಮರುದಿನ ಬೆಳಗ್ಗೆ ಹಾಜರಿ ಪುಸ್ತಕ ಹಿಡಿದು ಮುಖ್ಯೋಪಾಧ್ಯಾಯಿನಿಯವರ ಕೋಣೆಗೆ ಹೋದೆ. ಅವರನ್ನು ನಾವು ಮೋಠ್ಯಾ ಬಾಯಿ, ಅಂದರೆ ದೊಡ್ಡ ಬಾಯಿ, ಎನ್ನುತ್ತಿದ್ದೆವು. ಬಾಗಿಲ ಹೊರಗೆ ಸಿಮೆಂಟ್ ಮೆತ್ತಿದ ಒಂದು ಜೊತೆ ಚಪ್ಪಲಿ ಇತ್ತು. ಒಳಗೆ ಮಹಾದೇವಿಯ ಅಪ್ಪ ಕೈಮುಗಿದು ನಿಂತಿದ್ದ. ಅವನ ಬೆನ್ನಿಗೆ ಮಹಾದೇವಿ, ಪಕ್ಕದಲ್ಲಿ ಪರಾಂಜಪೆ ಬಾಯಿ. ಮೇಜಿನ ಮೇಲೆ ಶಾಲೆ ಬಿಟ್ಟ ದಾಖಲೆ, ಅಂದರೆ ಟಿ.ಸಿ., ಮಹಾದೇವಿಯ ಹೆಸರು ತುಂಬಿ ಸಿದ್ಧವಾಗಿತ್ತು. ಸಹಿಯೊಂದೇ ಬಾಕಿ.

ಆತ ಮಗಳ ಕಡೆ ತಿರುಗಿ ಮೆಲ್ಲಗೆ ಕೇಳಿದ. “ಖರೇ ಹೇಳವ್ವಾ, ತಗೊಂಡೀಯೇನು?”

“ಇಲ್ಲಪಾ, ನಿನ್ನಾಣಿ. ಆ ಹಾಳಿ ಏನಂತನೂ ನನಗ ಗೊತ್ತಿಲ್ಲ. ಕಳ್ಳ ಕಾ ಅಂತ ಕೇಳಿದ್ರು, ಕಳ್ಳ ಅಲ್ಲ ಅಂತ ಹೇಳೀನಿ. ಮತ್ಯಾಕ ಸಾಲಿ ಬಿಡಸಾಕತ್ತಾರ?”

ಅವನು ಮೋಠ್ಯಾ ಬಾಯಿಯವರತ್ತ ತಿರುಗಿ, ಮುರುಕು ಹಿಂದಿಯಲ್ಲಿ, “ಮೇಡಂ, ಹಮಾರಾ ಲಡಕೀ ಐಸಾ ನಹೀ” ಎಂದ. ಅವರು ಪೆನ್ನಿನ ಮುಚ್ಚಳ ತೆಗೆದರು.

ನನಗೆ ಧೈರ್ಯ ಎಲ್ಲಿಂದ ಬಂತೋ ಇಂದಿಗೂ ಗೊತ್ತಿಲ್ಲ. ಧೈರ್ಯ ಎನ್ನುವುದಕ್ಕಿಂತ, ನಾಚಿಕೆ ತಡೆಯಲಾಗಲಿಲ್ಲ ಎನ್ನಬೇಕು. ಹಾಜರಿ ಪುಸ್ತಕ ಎದೆಗೆ ಅವಚಿಕೊಂಡು, “ಬಾಯಿ, ಅವಳು ಒಪ್ಪಿಕೊಂಡಿಲ್ಲ” ಎಂದು ಮರಾಠಿಯಲ್ಲಿ ಹೇಳಿಯೇಬಿಟ್ಟೆ.

“ಇಡೀ ತರಗತಿ ಕೇಳಿದೆ” ಎಂದರು ಪರಾಂಜಪೆ ಬಾಯಿ.

“ಅವಳು ಹೇಳಿದ ‘ಕಳ್ಳ’ ನಿಮ್ಮ ‘ಕಳ್ಲ’ ಅಲ್ಲ ಬಾಯಿ. ಆಮಚ್ಯಾ ಭಾಷೇತ, ನಮ್ಮ ಭಾಷೆಯಲ್ಲಿ, ಹಾಗೆಂದರೆ ಚೋರ. ನೀವು ಕಳ್ಳಿಯೇ ಅಂತ ಕೇಳಿದಿರಿ ಎಂದುಕೊಂಡು ಅವಳು ಅಲ್ಲ ಅಲ್ಲ ಅನ್ನುತ್ತಿದ್ದಳು.”

“ನಮ್ಮ ಭಾಷೆ?” ಮೋಠ್ಯಾ ಬಾಯಿ ಕನ್ನಡಕದ ಮೇಲಿನಿಂದ ನೋಡಿದರು. “ಕುಲಕರ್ಣಿ, ನೀನು ಕಾನಡಿಯೇ?”

“ಹೌದು, ಕನ್ನಡದವಳು” ಎಂದೆ. ಆ ಶಾಲೆಯಲ್ಲಿ ಐದು ವರ್ಷಗಳಲ್ಲಿ ಮೊದಲ ಸಲ. ಮಹಾದೇವಿ ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದಳು. ಆ ನೋಟವನ್ನು ಎದುರಿಸುವುದು ಮೋಠ್ಯಾ ಬಾಯಿಯವರನ್ನು ಎದುರಿಸುವುದಕ್ಕಿಂತ ಕಷ್ಟವಾಯಿತು.

“ಹಾಗಾದರೆ ಪತ್ರಿಕೆ ಅವಳ ಚೀಲದಲ್ಲಿ ಹೇಗೆ ಬಂತು? ನಿನಗೇನು ಗೊತ್ತು?”

“ಅವಳು ಅದನ್ನು ನೋಡೇ ಇಲ್ಲ. ನಾನು ನೋಡಿದ್ದೇನೆ. ಪರೀಕ್ಷೆಯ ಹಿಂದಿನ ದಿನವೇ ಎಲ್ಲ ಲೆಕ್ಕ ಬಿಡಿಸಿ ನೋಡಿದ್ದೇನೆ.”

ಪರಾಂಜಪೆ ಬಾಯಿಯವರ ಮುಖ ಕೆಂಪಾಯಿತು. “ನಿನ್ನ ಜೊತೆ ಇನ್ಯಾರಿದ್ದರು? ಹೆಸರು ಹೇಳು. ಹೆಸರು ಹೇಳಿದರೆ ನಿನ್ನ ಬಿಲ್ಲೆ ಉಳಿಯುತ್ತದೆ.”

“ನನ್ನ ಹೆಸರು ಹೇಳಿದೆನಲ್ಲ ಬಾಯಿ. ಉಳಿದವರದು ಅವರೇ ಹೇಳಬೇಕು.”

“ಇಲ್ಲವಾದರೆ ಈ ದಾಖಲೆಯಲ್ಲಿ ನಿನ್ನ ಹೆಸರು ಬರೆಯಬೇಕಾಗುತ್ತದೆ” ಎಂದರು ಮೋಠ್ಯಾ ಬಾಯಿ.

“ಬರೀರಿ ಬಾಯಿ, ಅವಳದ್ದು ಮಾತ್ರ ಬರೀಬೇಡಿ” ಎಂದೆ. ವಿದ್ಯೆಯ ಆಣೆಯನ್ನೂ ಮುರಿದಿರಲಿಲ್ಲ ನೋಡಿ. ನಾನು ಹೇಳಿದ್ದು ನನ್ನ ಹೆಸರೊಂದನ್ನೇ!

ಮೋಠ್ಯಾ ಬಾಯಿ ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಆ ದಾಖಲೆಯನ್ನು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಮಹಾದೇವಿಯ ಅಪ್ಪನಿಗೆ ಏನು ನಡೆಯಿತೆಂದು ತಿಳಿಯಲಿಲ್ಲ. ನಾನೇ ಕನ್ನಡದಲ್ಲಿ, “ಏನೂ ಇಲ್ರೀ ಕಾಕಾ, ಆಕಿದು ತಪ್ಪಿಲ್ಲ. ಸಾಲಿ ಬಿಡಸಂಗಿಲ್ಲ, ನೀವು ಹೋಗಿ ಬರ್ರಿ” ಎಂದೆ. ಆತ ನನ್ನಂಥ ಹುಡುಗಿಗೆ ಕೈಮುಗಿದುಬಿಟ್ಟ. ನನಗೆ ಅಳು ಬಂತು.

ನನ್ನನ್ನು ಶಾಲೆಯಿಂದ ತೆಗೆಯಲಿಲ್ಲ. ಆದರೆ ಬಿಲ್ಲೆ ಹೋಯಿತು, ಬೀಜಗಣಿತದಲ್ಲಿ ಸೊನ್ನೆ ಬಂತು, ಒಂದು ವಾರ ತರಗತಿಯ ಹೊರಗೆ ನಿಂತೆ. ಎರಡು ದಿನದ ಮೇಲೆ ನಮ್ಮ ನಾಲ್ವರಲ್ಲಿ ಒಬ್ಬಳು ಬಂದು ತಾನೂ ತಪ್ಪು ಒಪ್ಪಿಕೊಂಡು ನನ್ನ ಪಕ್ಕ ನಿಂತಳು. ಮಂಜಿರಿ ಹತ್ತನೆಯ ತರಗತಿ ಮುಗಿಯುವವರೆಗೂ ನನ್ನೊಂದಿಗೆ ಮಾತು ಬಿಟ್ಟಳು. ‘ಅಂಡು ಗುಂಡು’ ಈಗ ನನ್ನ ಬೆನ್ನ ಹಿಂದೆಯೇ ಕೇಳಿಸತೊಡಗಿತು. ಒಂದೆರಡು ದಿನ ಚುಚ್ಚಿತು, ಆಮೇಲೆ ರೂಢಿಯಾಯಿತು.

ಪ್ರಗತಿಪುಸ್ತಕವನ್ನು ಅಪ್ಪನ ಮುಂದೆ ಇಟ್ಟು ಎಲ್ಲ ಹೇಳಿದೆ. ಪತ್ರಿಕೆ ನೋಡಿದ್ದಕ್ಕೆ ಅಮ್ಮ ನನ್ನ ಏಳು ಜನ್ಮ ಜಾಲಾಡಿದಳು. ಅಪ್ಪ ಕೆಂಪು ಶಾಯಿಯ ಸೊನ್ನೆಯನ್ನು ಬಹಳ ಹೊತ್ತು ನೋಡಿದರು.

“ನಿಮ್ಮ ಬಾಯಿ ಸೊನ್ನಿ ಭಾಳ ದುಂಡಗ ಬರದಾರಲ್ಲ!”

“ನಗೂ ಮಾತೇನ್ರಿ ಇದು?” ಅಮ್ಮ ಸಿಡುಕಿದಳು.

“ಪೇಪರ್ ನೋಡಿದ್ದು ತಪ್ಪ ಬಿಡು, ಅದಕ್ಕ ಸೊನ್ನಿ ಬಂತು. ಆದರ ಖರೇ ಹೇಳಿ ತಂದ ಸೊನ್ನಿ. ಇದಕ್ಕ ನಾ ಎರಡು ಸಲ ಸಹಿ ಮಾಡೇನು” ಎಂದರು ಅಪ್ಪ. ಸಹಿ ಒಂದೇ ಸಲ ಮಾಡಿದರು, ಆದರೆ ಎಂದಿಗಿಂತ ದೊಡ್ಡದಾಗಿ.

ದೀಪಾವಳಿ ರಜೆ ಮುಗಿದು ಶಾಲೆ ಶುರುವಾಯಿತು. ನಾನು ಮುಂದಿನ ಬೆಂಚು ಬಿಟ್ಟು ಮಹಾದೇವಿಯ ಪಕ್ಕದಲ್ಲಿ ಕೂತೆ. “ಆವತ್ತ ಯಾಕ ಕನ್ನಡ ಬರದವರಂಗ ಮಾಡಿದ್ರಿ?” ಎಂದು ಅವಳು ಒಂದೇ ಸಲ ಕೇಳಿದಳು. “ಬುದ್ಧಿ ಇರಲಿಲ್ಲವ್ವಾ” ಎಂದೆ. ಅವಳು ನಕ್ಕು ತನ್ನ ಡಬ್ಬಿಯ ಶೇಂಗಾ ಚಟ್ನಿ ನನ್ನತ್ತ ಸರಿಸಿದಳು. ಮಧ್ಯಾಹ್ನದ ಹೊತ್ತು ಅವಳಿಗೆ ಮರಾಠಿ ಕಲಿಸುತ್ತಿದ್ದೆ.

ಹದಿನೈದು ದಿನ ಕಳೆದಿರಬೇಕು. ಪರಾಂಜಪೆ ಬಾಯಿ ಹಲಗೆಯ ಮೇಲೆ ಒಂದು ಸಮೀಕರಣ ಬಿಡಿಸಿ, ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತ ಎಂದಿನಂತೆ “ಕಳ್...” ಎಂದವರು ಅಲ್ಲೇ ತಡೆದರು. ಕೊನೆಯ ಬೆಂಚಿನ ಕಡೆ ನೋಡಿದರು. ನಂತರ ನಿಧಾನವಾಗಿ, “ಸಮಜಲ ಕಾ?” ಎಂದು ಕೇಳಿದರು. ಅದಕ್ಕೂ ‘ತಿಳಿಯಿತೇ?’ ಎಂದೇ ಅರ್ಥ.

ನನ್ನ ಪಕ್ಕದಲ್ಲಿ ಬೆಂಚು ಸದ್ದಾಯಿತು. ಮೂರು ವಾರ ಬಾಯಿ ಬಿಡದೆ ಕೂತಿದ್ದ ಆ ಹುಡುಗಿ ನೆಟ್ಟಗೆ ಎದ್ದು ನಿಂತು, ಇಡೀ ತರಗತಿಗೆ ಕೇಳುವಂತೆ ಹೇಳಿದಳು: “ಕಳ್ಲ, ಬಾಯಿ!”

ತರಗತಿಯೆಲ್ಲ ಗೊಳ್ಳೆಂದಿತು. ಬಾಯಿಯವರೂ ನಕ್ಕುಬಿಟ್ಟರು. ನಾವು ಅವರ ಹಲ್ಲು ನೋಡಿದ್ದೇ ಅವತ್ತು.

ಮುಂದೆ ಅವರ ಕಟ್ಟಡ ಮುಗಿದು ಮಹಾದೇವಿಯ ಮನೆಯವರು ಚಿಂಚವಾಡದ ಕಡೆ ಹೋದರು. ಎಲ್ಲಿದ್ದಾಳೋ ಗೊತ್ತಿಲ್ಲ. ನಾನು ಬೀಜಗಣಿತದಲ್ಲಿ ಕೊನೆಯವರೆಗೂ ಅಷ್ಟಕ್ಕಷ್ಟೇ. ಆಮೇಲೆ ಒಂದೆರಡು ಬಹುಮಾನಗಳೂ ಬಂದವು, ಅವು ಯಾವ ಕಪಾಟಿನಲ್ಲಿವೆಯೋ. ಆ ಪ್ರಗತಿಪುಸ್ತಕ ಮಾತ್ರ ನನ್ನ ಹತ್ತಿರ ಜೋಪಾನವಾಗಿದೆ. ಮಕ್ಕಳಿಗೆ ಆಗಾಗ ತೆಗೆದು ತೋರಿಸುತ್ತೇನೆ. “ಅಮ್ಮ, ಸೊನ್ನೆ ತಗೊಂಡಿದ್ದಕ್ಕೆ ಇಷ್ಟು ಜಂಬವೇ?” ಎಂದು ಅವರು ಕೇಳುತ್ತಾರೆ. ಹೌದು, ಇಷ್ಟು ಜಂಬ.